ನುಗ್ಗೆಮರದ ನೆರಳಿನಲ್ಲಿ ನಾಲ್ಕು ಪ್ಯಾನೆಲ್

ಆ ದಿನವೂ ಎಂದಿನಂತೆ ಐದೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿ ಚಿಕ್ಕದೊಂದು ರಂಗೋಲಿ ಎಳೆದೆ, ಗೇಟಿಗೆ ಸಿಕ್ಕಿಸಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದುಕೊಂಡೆ, ಫಿಲ್ಟರಿಗೆ ಬಿಸಿನೀರು ಸುರಿದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಮೆಟ್ಟಿಲ ಕೆಳಗೆ ಹೋಗಿ, ಗೋಡೆಗೆ ಬಡಿದಿದ್ದ ಬೂದುಬಣ್ಣದ ಪೆಟ್ಟಿಗೆಯ ಮುಳ್ಳನ್ನು ನೋಡಿದೆ. ಸೋಲಾರ್ ಪ್ಯಾನೆಲ್‌ಗಳಿಂದ ಎಷ್ಟು ಕರೆಂಟು ಬ್ಯಾಟರಿಗೆ ಇಳಿಯುತ್ತಿದೆ ಎಂದು ತೋರಿಸುವ ಮುಳ್ಳು ಅದು. ಸೂರ್ಯ ಹುಟ್ಟುವ ಮುಂಚೆ ಅದು ಸೊನ್ನೆಯಲ್ಲದೆ ಬೇರೇನನ್ನೂ ತೋರಿಸುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ನೋಡುತ್ತೇನೆ. ಬೀಗ ಹಾಕಿದ ಮೇಲೂ ಒಮ್ಮೆ ಎಳೆದು ನೋಡುವವರ ಜಾತಿ ನನ್ನದು.

ಇಲ್ಲಿ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನನಗೆ ದೊಡ್ಡ ಸಂಗತಿಗಳು ಕಾಣಿಸುವುದಿಲ್ಲ, ಸಣ್ಣವು ತಪ್ಪಿಸಿಕೊಳ್ಳುವುದಿಲ್ಲ. ಮದುವೆಗೆ ಹೋಗಿ ಬಂದರೆ ಹುಡುಗ ಏನು ಓದಿದ್ದಾನೆ, ಯಾವ ಕೆಲಸ ಎಂಬುದು ನೆನಪಿರುವುದಿಲ್ಲ. ಪುರೋಹಿತರು ವಾಚನ್ನು ತಿರುಗಿಸಿ ಮಣಿಕಟ್ಟಿನ ಒಳಗಡೆ ಕಟ್ಟಿಕೊಂಡಿದ್ದರು, ಅದು ಹತ್ತು ನಿಮಿಷ ಹಿಂದಿತ್ತು ಎಂಬುದು ನೆನಪಿರುತ್ತದೆ. ನಮ್ಮವರು ಇದಕ್ಕೆ ನೇರವಾಗಿ ತದ್ವಿರುದ್ಧ. ಅವರಿಗೆ ದೊಡ್ಡ ಯೋಜನೆಗಳು ಮಾತ್ರ ಕಾಣುತ್ತವೆ. ಮದ್ರಾಸಿನ ಪ್ಯಾರೀಸ್ ಕಾರ್ನರಿನ ಇನ್ಶೂರೆನ್ಸ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಜನರ ಭವಿಷ್ಯದ ಕುರಿತು ಯೋಚಿಸಿ ಯೋಚಿಸಿ ಹಾಗಾಗಿದೆ ಎಂದು ನನ್ನ ಊಹೆ. ಕರೆಂಟ್ ಕಟ್ ದಿನಚರಿಯಾದ ಆ ವರ್ಷಗಳಲ್ಲಿ, ಯಾವುದೋ ವಸ್ತುಪ್ರದರ್ಶನಕ್ಕೆ ಹೋದವರು ಮುಖ ಅರಳಿಸಿಕೊಂಡು ಬಂದರು. "ನೋಡು ಲೀಲಾ, ಮದ್ರಾಸಲ್ಲಿ ನೀರಿಗೆ ಬರ ಇರಬಹುದು, ಬಿಸಿಲಿಗೆ ಬರ ಇದೆಯೇನೇ?" ಎಂದರು. ಇಲ್ಲವೆಂದು ನಾನೂ ಒಪ್ಪಿದೆ. ಹದಿನೈದು ದಿನದಲ್ಲಿ ಪೋರೂರಿನ ನಮ್ಮ ತಾರಸಿಯ ಮೇಲೆ ನಾಲ್ಕು ನೀಲಿ ಪ್ಯಾನೆಲ್‌ಗಳು, ಮುಂದೆ ಎರಡು ಹಿಂದೆ ಎರಡು, ತೆಂಕಣಕ್ಕೆ ಮುಖ ಮಾಡಿ ಕುಳಿತವು. ಮೆಟ್ಟಿಲ ಕೆಳಗೆ, ಹಳೆಯ ಪೇಪರ್ ಇಡುತ್ತಿದ್ದ ಜಾಗದಲ್ಲಿ, ಬ್ಯಾಟರಿಗಳೂ ಇನ್ವರ್ಟರೂ ಬಂದು ಕುಳಿತವು. ಮೂರು ಫ್ಯಾನು, ಐದು ಲೈಟು, ಎರಡು ಗಂಟೆ ಕಾಲ ನಿಶ್ಚಿಂತೆ ಎಂದು ಕೊಟ್ಟವರು ಹೇಳಿದ್ದರು.

ನಿಶ್ಚಿಂತೆ ಇಪ್ಪತ್ತು ನಿಮಿಷ ಬಂತು. ಆ ಬೇಸಿಗೆಯಲ್ಲಿ ನಮ್ಮ ಬೀದಿಗೆ ಸಂಜೆ ಆರರಿಂದ ಏಳರವರೆಗೆ ಕರೆಂಟ್ ಇರುತ್ತಿರಲಿಲ್ಲ. ಆರಕ್ಕೆ ಫ್ಯಾನು ಸುತ್ತಲು ಶುರುವಾದರೆ ಆರೂಇಪ್ಪತ್ತಕ್ಕೆ ಇನ್ವರ್ಟರ್ ಕುಂಯ್ ಕುಂಯ್ ಎಂದು ಅಳಲು ಶುರು. ಬ್ಯಾಟರಿಯ ಹೊಟ್ಟೆ ತುಂಬಿಲ್ಲವೆಂದು ಅರ್ಥ. ಸೋಲಾರ್ ನೋಡಲೆಂದೇ ಬಂದ ನಮ್ಮವರ ಆಫೀಸಿನವರು ಬೀಸಣಿಗೆ ಬೀಸಿಕೊಳ್ಳುತ್ತ, "ಟೆಕ್ನಾಲಜಿ ಚೆನ್ನಾಗಿದೆ ಸಾರ್" ಎಂದು ಹೇಳಿ ಹೋದರು. ಆ ಸಂಜೆ ಇವರು ಊಟ ಸರಿಯಾಗಿ ಮಾಡಲಿಲ್ಲ.

ಇವರ ತನಿಖೆ ಒಂದೇ ದಿನದಲ್ಲಿ ಮುಗಿಯಿತು. ಅಪರಾಧಿ ಪಕ್ಕದ ಮನೆಯ ನುಗ್ಗೆಮರ. ಅದು ನಮ್ಮ ಮೂಡಣದ ಕಾಂಪೌಂಡಿಗೆ ಅಂಟಿಕೊಂಡು, ತಾರಸಿಗಿಂತ ಎರಡಾಳೆತ್ತರ ಬೆಳೆದು, ಬೆಳಗಿನಿಂದ ಮಧ್ಯಾಹ್ನದವರೆಗೆ ಪ್ಯಾನೆಲ್‌ಗಳ ಮೇಲೆ ನೆರಳು ಚೆಲ್ಲುತ್ತಿತ್ತು. ನಿಜವೇ. ಆದರೆ ಮಧ್ಯಾಹ್ನ ಎರಡರ ಮೇಲೆ ಪಡುವಣದಿಂದ ಇನ್ನೊಂದು ನೆರಳೂ ಬರುತ್ತಿತ್ತು, ಅದು ನಮ್ಮದೇ ನೀರಿನ ಟ್ಯಾಂಕಿನದು. ಅದನ್ನು ಹೇಳಿದರೆ, "ಟ್ಯಾಂಕ್ ಸಿಮೆಂಟಿಂದು ಕಣೇ, ಅದು ಬೇರೆ ವಿಷಯ" ಎಂದರು. ನೆರಳು ಸಿಮೆಂಟಿನದಾದರೆ ಹೇಗೆ ಬೇರೆಯಾಗುತ್ತದೆಂದು ನಾನು ಕೇಳಲಿಲ್ಲ. ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಓದಿದವಳಿಗೆ ಎಲ್ಲಿ ಸುಮ್ಮನಿರಬೇಕೆಂಬುದು ಬೇರೆಲ್ಲ ಪಾಠಗಳಿಗಿಂತ ಚೆನ್ನಾಗಿ ಬರುತ್ತದೆ.

ಆ ಬೆಳಿಗ್ಗೆ ಮೊಸರನ್ನದ ಡಬ್ಬಿಯನ್ನು ಬ್ಯಾಗಿಗೆ ಇಡುತ್ತ ಇವರು ತುಂಬ ಹಗುರವಾಗಿ ಹೇಳಿದರು: "ಸಂಜೆ ನಾಲ್ಕಕ್ಕೆ ಮರ ಕಡಿಯೋನು ಬರ್ತಾನೆ. ಅಷ್ಟರಲ್ಲಿ ನೀನು ಸರೋಜಮ್ಮಂಗೆ ಒಂದು ಮಾತು ಹೇಳಿ ಒಪ್ಪಿಸಿಬಿಡು."

"ನಾನಾ? ನೀವೇ ಹೇಳ್ರೀ."

"ನಾನು ಹೇಳಿದ್ರೆ ಜಗಳ ಆಗುತ್ತೆ. ನೀನು ಹೇಳಿದ್ರೆ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಹೇಳ್ತೀಯ, ಯಾರಿಗೂ ನೋವಾಗಲ್ಲ."

ಮಗಳು ಶ್ರುತಿ ಹನ್ನೊಂದನೇ ಕ್ಲಾಸು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಎರಡೂ ಕಡೆಯವರಿಗೆ ಎಲ್ಲವೂ ಅರ್ಥವಾಗುತ್ತದೆ, ಆದ್ದರಿಂದ ಯಾರೂ ಬದಲಾಗಿಲ್ಲ. ಶೂ ಲೇಸ್ ಕಟ್ಟುತ್ತಿದ್ದವಳು ತಲೆ ಎತ್ತದೆ, "ಅಪ್ಪಾ, ಮರತ್ತೆ ಏನ್ ವೆಟ್ಟಣುಂ? ಎಲ್ಲಾಂ ಸೀರೀಸ್ ಪ್ರಾಬ್ಲಂ" ಎಂದಳು. ಮರ ಯಾಕೆ ಕಡಿಯಬೇಕು, ಎಲ್ಲ ಸೀರೀಸ್ ತೊಂದರೆ ಎಂದು. ಆಮೇಲೆ ನನ್ನ ಕಡೆ ತಿರುಗಿ, ಒಂದರ ಹಿಂದೆ ಒಂದರಂತೆ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದಕ್ಕೆ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ ಎಂದು ಹೇಳಿ, ಸ್ಕೂಲ್ ಬಸ್ಸಿಗೆ ಓಡಿದಳು. ಇವರು, "ಈಗಿನ ಕಾಲದ ಮಕ್ಕಳು" ಎಂದು ತಮ್ಮ ಬಸ್ಸಿಗೆ ಹೋದರು. ನಾನೂ ನುಗ್ಗೆಮರವೂ ಉಳಿದೆವು.

ಪಕ್ಕದ ಮನೆಯ ಈ ಸರೋಜಕ್ಕನ ಕುರಿತು ನಾಲ್ಕು ಮಾತು ಹೇಳಲೇಬೇಕು. ಅವರ ಮಾವನ ಕಾಲದಲ್ಲೇ ರೈಲ್ವೆ ಕೆಲಸಕ್ಕೆಂದು ಕೋಲಾರದ ಕಡೆಯಿಂದ ಬಂದು ಮದರಾಸಿನಲ್ಲಿ ನೆಲೆಸಿದ ಮನೆತನ. ಅವರ ಕನ್ನಡದಲ್ಲಿ ಮುಕ್ಕಾಲು ಪಾಲು ತಮಿಳು, ಆದರೆ ಪ್ರೀತಿ ಪೂರ್ತಿ ಕನ್ನಡದ್ದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಂಜೆ ಕಾಂಪೌಂಡಿನಾಚೆಯಿಂದ, "ಲೀಲಾ, ಮೊಟ್ಟೆಮಾಡಿಗೆ ವಾ" ಎಂದು ಕರೆದರು. ಇಲ್ಲಿಯವರು ತಾರಸಿಗೆ ಹಾಗೆನ್ನುತ್ತಾರೆಂದು ನನಗೇನು ಗೊತ್ತು? ನಾವು ಮೊಟ್ಟೆ ತಿನ್ನುವುದಿಲ್ಲವೆಂದು ಬಹಳ ವಿನಯದಿಂದ ತಿಳಿಸಿದ್ದೆ. ಅವರು ನಕ್ಕ ನಗೆಗೆ ನುಗ್ಗೆಮರದ ಮೇಲಿನ ಕಾಗೆಗಳು ಎದ್ದುಹೋದವು. ಆ ನಗೆಯಿಂದಲೇ ನಮ್ಮ ಸ್ನೇಹ ಶುರುವಾದದ್ದು. ಶ್ರುತಿ ಹುಟ್ಟಿದಾಗ ನನ್ನ ಬಾಣಂತನಕ್ಕೆ ನುಗ್ಗೆಸೊಪ್ಪಿನ ಸಾರು ಬಂದದ್ದು ಆ ಮರದಿಂದ. ಅಂಥ ಮರದ ತಲೆ ಕೇಳಲು ನಾನು ಹೋಗಬೇಕು.

ಒಂಬತ್ತಕ್ಕೆ ಹೋದೆ. ಬರಿಗೈಲಿ ಹೋಗಿ ಕೇಳುವ ಮಾತಲ್ಲವೆಂದು ಒಂದು ಸ್ಟೀಲ್ ಡಬ್ಬಿಯಲ್ಲಿ ಹೆಸರುಬೇಳೆ ಕೋಸಂಬರಿ ತೆಗೆದುಕೊಂಡು ಹೋದೆ. ಸರೋಜಕ್ಕ ಹಿತ್ತಲಲ್ಲಿ ಮರದ ಬುಡಕ್ಕೆ ಅಕ್ಕಿ ತೊಳೆದ ನೀರು ಹಾಕುತ್ತಿದ್ದರು.

"ಸರೋಜಕ್ಕ, ನಿಮ್ಮ ಮರ..." ಎಂದು ಶುರು ಮಾಡಿದೆ.

"ಆಮಾ, ಪಾರು! ಈ ವರ್ಷ ಎಷ್ಟು ಕಾಯಿ ಬಿಟ್ಟಿದೆ ಪಾರು!" ಎಂದು, ಅಂದರೆ ನೋಡು ನೋಡು ಎಂದು, ಅವರೇ ನನ್ನ ಕೈ ಹಿಡಿದು ಮರವನ್ನು ತೋರಿಸಿದರು. "ಮೊದಲ ಕಾಯಿ ಲೀಲಾಗೇ ಅಂತ ನಮ್ಮ ಮನೆಯವ್ರಿಗೆ ಹೇಳಿದ್ದೀನಿ. ಇರು, ಡಬ್ಬಿ ಖಾಲಿ ಕೊಡಬಾರ್ದು."

ಹತ್ತು ನಿಮಿಷದ ಮೇಲೆ ನಾನು ಮನೆಗೆ ಬಂದಾಗ ಕಂಕುಳಲ್ಲಿ ಹನ್ನೆರಡು ನುಗ್ಗೆಕಾಯಿ, ಡಬ್ಬಿಯಲ್ಲಿ ಒಂದು ಹಿಡಿ ನುಗ್ಗೆಹೂ. ಮರ ಕೇಳಲು ಹೋದವಳು ಮರದ ಫಲ ಹೊತ್ತು ಬಂದೆ. ಸೋಲು ಒಪ್ಪುವುದು ಬೇಡವೆಂದು ಹತ್ತಕ್ಕೆ ಮತ್ತೆ ಹೊರಟೆ, ಈ ಸಲ ಏನೂ ತೆಗೆದುಕೊಳ್ಳದೆ. ಗೇಟಿನ ಹತ್ತಿರವೇ ಸರೋಜಕ್ಕ ಸಿಕ್ಕಿ, "ಹೂ ಪಲ್ಯಕ್ಕೆ ತೆಂಗಿನಕಾಯಿ ಮರೀಬೇಡ" ಎಂದು ಅರ್ಧ ತೆಂಗಿನಕಾಯಿ ಕೊಟ್ಟರು. ಮೂರನೇ ಸಲ ಹೋದರೆ ಅಡುಗೆಯನ್ನೇ ಮಾಡಿ ಕೊಡುತ್ತಾರೆಂದು ಹೆದರಿ ನೇರವಾಗಿ ತಾರಸಿ ಹತ್ತಿದೆ.

ತಾರಸಿಯಲ್ಲಿ ನನ್ನದೊಂದು ಸಂಶೋಧನೆ ಒಂದು ವಾರದಿಂದ ನಡೆದಿತ್ತು. ನೆರಳು ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಎಂದು ನೋಡಿ, ಪ್ಯಾನೆಲ್‌ಗಳ ಅಲ್ಯೂಮಿನಿಯಂ ಚೌಕಟ್ಟಿಗೆ ಹಣೆಯ ಬಿಂದಿ ಅಂಟಿಸುತ್ತಿದ್ದೆ. ಮರದ ನೆರಳಿಗೆ ಕೆಂಪು ಬಿಂದಿ, ಟ್ಯಾಂಕಿನ ನೆರಳಿಗೆ ಹಸಿರು. ಗಾಜಿನ ಮೇಲೆ ಅಂಟಿಸಿದರೆ ಅದೇ ಒಂದು ನೆರಳಾಗುತ್ತದೆಂಬ ವಿವೇಕ ನನಗಿತ್ತು. ಇವರು ಒಂದು ಭಾನುವಾರ ನೋಡಿ, "ಪ್ಯಾನೆಲ್ಲಿಗೂ ಅರಿಸಿನ ಕುಂಕುಮ ಕೊಟ್ಟಿದ್ದೀಯಾ?" ಎಂದಿದ್ದರು. ಆ ದಿನ ಬಿಂದಿಗಳನ್ನು ಸುಮ್ಮನೆ ನೋಡುತ್ತ ನಿಂತೆ. ಕೆಂಪು ಬಿಂದಿಗಳೆಲ್ಲ ಮೂಡಣದ ಎರಡು ಪ್ಯಾನೆಲ್‌ಗಳಿಗೇ ತುಂಬಿದ್ದವು. ಒಂದು ಮುಂದಿನ ಸಾಲಿನದು, ಒಂದು ಹಿಂದಿನ ಸಾಲಿನದು. ಪಡುವಣದ ಎರಡಕ್ಕೆ ಹಸಿರು ಮಾತ್ರ. ಅಂದರೆ ಬೆಳಿಗ್ಗೆಯೆಲ್ಲ ಪಡುವಣದವು ಪೂರ್ತಿ ಬಿಸಿಲಲ್ಲೇ ಇರುತ್ತವೆ. ಆದರೂ ಕೆಳಗೆ ಮುಳ್ಳು ಒಂದನ್ನೂ ದಾಟದೆ ಯಾಕೆ ತೂಗಾಡುತ್ತದೆ? ಬಿಸಿಲು ಕುಡಿಯುತ್ತಿರುವ ಆ ಎರಡು ಪ್ಯಾನೆಲ್‌ಗಳು ಏನು ಮಾಡುತ್ತಿವೆ?

ಪ್ಯಾನೆಲ್‌ಗಳ ಹಿಂದೆ ಬಗ್ಗಿ ವೈರುಗಳನ್ನು ನೋಡಿದೆ. ಕೆಂಪು ವೈರು, ಕಪ್ಪು ವೈರು. ಮುಂದಿನ ಎರಡು ಒಂದು ಜೋಡಿ, ಹಿಂದಿನ ಎರಡು ಒಂದು ಜೋಡಿ. ಆಗ ಇದ್ದಕ್ಕಿದ್ದಂತೆ ನನಗೆ ಸಿಸ್ಟರ್ ಆಗ್ನೆಸ್ ನೆನಪಾದರು.

ತುಮಕೂರಿನ ಕಾನ್ವೆಂಟಿನಲ್ಲಿ ನಮ್ಮನ್ನು ಪ್ರತಿ ಶುಕ್ರವಾರ ಆಟದ ಮೈದಾನಕ್ಕೆ ಎರಡು ಸಾಲಿನಲ್ಲಿ ನಡೆಸಿಕೊಂಡು ಹೋಗುತ್ತಿದ್ದರು. ನಿಯಮ ಒಂದೇ: ಸಾಲು ಮುರಿಯಬಾರದು, ಮುಂದಿನವಳನ್ನು ದಾಟಬಾರದು. ನನ್ನ ಕ್ಯಾನ್ವಾಸ್ ಶೂ ಅಕ್ಕನಿಂದ ಇಳಿದು ಬಂದದ್ದು, ಒಂದು ಅಂಗುಲ ದೊಡ್ಡದು. ನಾನು ಎಳೆದೆಳೆದು ನಡೆಯುತ್ತಿದ್ದೆ; ನನ್ನ ಹಿಂದಿನ ಹದಿನಾಲ್ಕು ಜನ, ಓಟದಲ್ಲಿ ಕಪ್ ಗೆದ್ದವರೂ ಸೇರಿ, ನನ್ನ ಹಾಗೆಯೇ ಎಳೆದೆಳೆದು ನಡೆಯಬೇಕು. ಇನ್ನೊಂದು ಸಾಲಿನಲ್ಲಿ ದುಂಡು ಮೈಯ ಫಿಲೋಮಿನಾ ಇದ್ದಳು, ಅಲ್ಲಿಯೂ ಅದೇ ಗತಿ. ಮೈದಾನ ತಲುಪುವಷ್ಟರಲ್ಲಿ ಆಟದ ಹೊತ್ತು ಮುಗಿದಿರುತ್ತಿತ್ತು. ಸಿಸ್ಟರ್ ಆಗ್ನೆಸ್ ಮೂರು ಶುಕ್ರವಾರ ನೋಡಿದರು. ನಾಲ್ಕನೆಯ ಶುಕ್ರವಾರ ನನ್ನನ್ನೂ ಫಿಲೋಮಿನಾಳನ್ನೂ ಉಳಿದ ಆಮೆಗಳನ್ನೂ ಒಂದೇ ಸಾಲಿಗೆ ಹಾಕಿದರು. ಇನ್ನೊಂದು ಸಾಲು ಗಾಳಿಯ ಹಾಗೆ ಹೋಯಿತು. ನಾವು ನಮ್ಮ ಪಾಡಿಗೆ, ದಾರಿಯ ಸೀಬೆಮರ ನೋಡುತ್ತ, ನಿಧಾನವಾಗಿ ಹೋದೆವು. ಅವಮಾನವಾಗಲಿಲ್ಲವೇ ಎಂದು ಕೇಳಬೇಡಿ. ಅಷ್ಟು ನೆಮ್ಮದಿಯಾಗಿ ನಾನು ಮತ್ತೆಂದೂ ನಡೆದಿಲ್ಲ.

ನನ್ನ ತಾರಸಿಯಲ್ಲಿ ಪ್ರತಿ ಸಾಲಿನಲ್ಲೂ ಒಬ್ಬೊಬ್ಬ ಲೀಲಾ ಇದ್ದಳು! ಬೆಳಿಗ್ಗೆ ಮೂಡಣದ ಪ್ಯಾನೆಲ್ ತನ್ನ ಸಾಲಿನ ಪಡುವಣದವಳನ್ನು ತಡೆದು ನಿಲ್ಲಿಸುತ್ತದೆ; ಮಧ್ಯಾಹ್ನ ಪಡುವಣದ್ದು ಮೂಡಣದವಳನ್ನು ತಡೆಯುತ್ತದೆ. ನಾಲ್ಕೂ ದುಡಿಯುವುದು ಹನ್ನೆರಡರಿಂದ ಎರಡರವರೆಗೆ ಮಾತ್ರ. ಹಾಗಾದರೆ ಮಾಡಬೇಕಾದದ್ದು ಇಷ್ಟೇ: ಒಂದೇ ಹೊತ್ತಿಗೆ ನೆರಳು ಬೀಳುವವರನ್ನು ಒಂದೇ ಸಾಲಿಗೆ ಹಾಕುವುದು. ಮೂಡಣದವರು ಒಂದು ಜೋಡಿ, ಪಡುವಣದವರು ಒಂದು ಜೋಡಿ. ನೆರಳಿನಲ್ಲಿರುವವರು ದುಡಿಯುವುದಿಲ್ಲ, ಸರಿ. ಆದರೆ ದುಡಿಯುವವರ ಸೆರಗು ಹಿಡಿದು ಎಳೆಯುವುದಿಲ್ಲ.

ಎಲೆಕ್ಟ್ರಿಷಿಯನ್ ಮುರುಗೇಶನ್‌ಗೆ ಫೋನ್ ಮಾಡಿದೆ. ಐವತ್ತು ದಾಟಿದ, ಕಿವಿಯ ಹಿಂದೆ ಟೆಸ್ಟರ್ ಸಿಕ್ಕಿಸಿಕೊಳ್ಳುವ ಮನುಷ್ಯ. ನಮ್ಮ ಬೀದಿಯ ಎಲ್ಲ ಮನೆಗಳ ಫ್ಯೂಸೂ ಅವರಿಗೆ ಹೆಸರು ಹಿಡಿದು ಗೊತ್ತು. ಹನ್ನೊಂದಕ್ಕೆ ಬಂದವರು ಮೊದಲು ನೋಡಿದ್ದು ಬಿಂದಿಗಳನ್ನು. ಚಪ್ಪಲಿ ಬಿಟ್ಟು, ಪ್ಯಾನೆಲ್‌ಗಳಿಗೆ ಕೈ ಮುಗಿದೇ ಹತ್ತಿರ ಬಂದರು. ನನ್ನ ಯೋಜನೆ ವಿವರಿಸಿದೆ. "ಅಮ್ಮಾ, ನಾಲು ಪ್ಯಾನೆಲ್. ಇಪ್ಪಡಿ ಪೋಟ್ಟಾ ಎನ್ನ, ಅಪ್ಪಡಿ ಪೋಟ್ಟಾ ಎನ್ನ?" ಎಂದರು. ಇರುವುದೇ ನಾಲ್ಕು, ಹೀಗೆ ಜೋಡಿಸಿದರೇನು ಹಾಗೆ ಜೋಡಿಸಿದರೇನು ಎಂದು. ನಾನು ಸಿಸ್ಟರ್ ಆಗ್ನೆಸ್ ಕತೆಯನ್ನು ನನ್ನ ತಮಿಳಿನಲ್ಲಿ ಹೇಳಿದೆ. ಪೂರ್ತಿ ಕೇಳಿ, ನನ್ನ ಕಾಲುಗಳನ್ನು ಒಮ್ಮೆ ನೋಡಿ, ಸ್ಕ್ರೂಡ್ರೈವರ್ ತೆಗೆದರು.

"ಇರಿ," ಎಂದೆ. ಬಿಸಿಲಿರುವಾಗ ಪ್ಯಾನೆಲ್ಲಿನ ಸ್ವಿಚ್ ಆಫ್ ಮಾಡಲು ಬರುವುದಿಲ್ಲ, ಸೂರ್ಯನಿಗೆ ಮೇನ್ ಸ್ವಿಚ್ ಇಲ್ಲ. ಕೆಳಗೆ ಓಡಿ ನಾಲ್ಕು ದಪ್ಪ ಜಮಖಾನ ತಂದು ಪ್ಯಾನೆಲ್‌ಗಳಿಗೆ ಹೊದಿಸಿದೆ. ಮದುವೆಯಲ್ಲಿ ನನ್ನ ತವರಿನವರು ಕೊಟ್ಟ ಜಮಖಾನಗಳು. ಹತ್ತೊಂಬತ್ತು ವರ್ಷದ ಮೇಲೆ ಅವಕ್ಕೊಂದು ಸರಿಯಾದ ಕೆಲಸ ಸಿಕ್ಕಿತು. ಅರ್ಧ ಗಂಟೆಯಲ್ಲಿ ಮುರುಗೇಶನ್ ಪ್ಯಾನೆಲ್‌ಗಳ ಹಿಂದಿನ ಕಪ್ಪು ಡಬ್ಬಿಗಳನ್ನು ಬಿಚ್ಚಿ, ವೈರು ಬದಲಿಸಿ, ಮುಚ್ಚಿದರು. ನಾನು ಜಮಖಾನ ಎಳೆದು, ಮೆಟ್ಟಿಲನ್ನು ಎರಡೆರಡು ಇಳಿದೆ. ಕೆಳಗೆ ಒಂದರ ಸುತ್ತ ತೂಗಾಡುತ್ತಿದ್ದ ಮುಳ್ಳು ಎದ್ದು, ಎರಡು ದಾಟಿ, ಮೂರು ದಾಟಿ, ನಾಲ್ಕರ ಹತ್ತಿರ ಹೋಗಿ ನಿಂತಿತು. ಮೇಲೆ ಮರದ ನೆರಳು ಇನ್ನೂ ಮೂಡಣದ ಎರಡರ ಮೇಲೆ ಹಾಯಾಗಿ ಮಲಗಿತ್ತು. ಮುರುಗೇಶನ್ ಮುಳ್ಳನ್ನೂ ನನ್ನನ್ನೂ ನೋಡಿ, "ಅಮ್ಮಾ ಎನ್ನ ಪಡಿಚ್ಚಿರುಕ್ಕೀಂಗ?" ಎಂದು ಕೇಳಿದರು. ಏನು ಓದಿದ್ದೀರಿ ಎಂದು. ಗೃಹವಿಜ್ಞಾನ ಎಂದೆ. ನನ್ನ ಬದುಕಿನಲ್ಲಿ ಆ ಮಾತನ್ನು ತಲೆಯೆತ್ತಿ ಹೇಳಿದ್ದು ಅದೇ ಮೊದಲು.

ಎರಡೂವರೆಗೆ ಟ್ಯಾಂಕಿನ ನೆರಳು ಪಡುವಣದವರ ಮೇಲೆ ಏರಿದಾಗಲೂ ನೋಡಿದೆ. ಈಗ ಮೂಡಣದವರ ಪಾಳಿ. ಮುಳ್ಳು ನಾಲ್ಕರಿಂದ ಅಲುಗಲಿಲ್ಲ. ಇವರ ಆಫೀಸಿಗೆ ಫೋನ್ ಮಾಡಿ ಮರ ಕಡಿಯುವವನು ಬೇಡವೆಂದೆ.

"ಸರೋಜಮ್ಮಂಗೆ ಹೇಳಿದ್ಯಾ ಇಲ್ವಾ?"

"ಹೇಳೋ ಅಗತ್ಯ ಬರಲಿಲ್ಲ. ನೆರಳನ್ನ ನಾನು ಸರಿಮಾಡಿದೆ."

ಆ ಕಡೆ ಪೆನ್ನಿನ ಮುಚ್ಚಳ ಎರಡು ಸಲ ಟಕ್ ಟಕ್ ಎಂದಿತು. ಆಮೇಲೆ, "ನೋಡು, ಇವತ್ತು ಸಂಜೆ ಏಳರವರೆಗೆ ಇನ್ವರ್ಟರ್ ಕೂಗದೆ ಇದ್ರೆ ಮರ ಇರುತ್ತೆ. ಕೂಗಿತೋ, ನಾಳೆ ಬೆಳಿಗ್ಗೆ ನಾನೇ ಹೋಗಿ ಮಾತಾಡ್ತೀನಿ" ಎಂದರು. ಇವರು ಮಾತಾಡಿದರೆ ಮರ ಮಾತ್ರವಲ್ಲ, ಸರೋಜಕ್ಕನ ಗೇಟೂ ನಮಗೆ ಮುಚ್ಚುತ್ತದೆ. ನಾಲ್ಕಕ್ಕೆ ಬಂದ ಮರ ಕಡಿಯುವವನಿಗೆ ಮಜ್ಜಿಗೆ ಕೊಟ್ಟು, ಯಾರಿಗೂ ಕೊಡಲಿ ಕಾಣದಂತೆ ಕಳಿಸಿಕೊಟ್ಟೆ.

ಆರಕ್ಕೆ ಸರಿಯಾಗಿ ಕರೆಂಟ್ ಹೋಯಿತು. ಮೂರು ಫ್ಯಾನು ತಿರುಗಿದವು. ಇವರು ಆಫೀಸಿನ ಶರ್ಟನ್ನೂ ಬದಲಿಸದೆ, ಗೋಡೆ ಗಡಿಯಾರದ ಎದುರು ಕುರ್ಚಿ ಹಾಕಿಕೊಂಡು ಕುಳಿತರು. ಶ್ರುತಿ ಫಿಸಿಕ್ಸ್ ಪುಸ್ತಕ ಹಿಡಿದು, ಓದುವ ನೆಪದಲ್ಲಿ ನಗುತ್ತಿದ್ದಳು. ಆರೂಇಪ್ಪತ್ತಾಯಿತು. ನನ್ನ ಕಿವಿಯೆಲ್ಲ ಮೆಟ್ಟಿಲ ಕೆಳಗೆ. ಸದ್ದಿಲ್ಲ. ಆರೂವರೆ. ಪಕ್ಕದ ಮನೆ ಕತ್ತಲಾಗಿತ್ತು. ಸರೋಜಕ್ಕ ಬೀಸಣಿಗೆ ಹಿಡಿದೇ ಬಂದರು. "ಅಯ್ಯಯ್ಯೋ, ಎನ್ನ ಸೆಕೆ!" ಎಂದು ಫ್ಯಾನಿನ ಕೆಳಗೆ ಕುಳಿತು ಬೀಸಣಿಗೆ ಮಡಿಲಿಗೆ ಹಾಕಿಕೊಂಡರು. ಆರೂ ಐವತ್ತು. ಇವರು ಎದ್ದು ಹೋಗಿ ಇನ್ವರ್ಟರಿಗೆ ಕಿವಿ ಕೊಟ್ಟು, ವಾಪಸ್ ಬಂದು ಕುಳಿತರು. ಏಳಕ್ಕೆ ಕರೆಂಟ್ ಬಂತು. ಇನ್ವರ್ಟರ್ ಒಮ್ಮೆಯೂ ಅಳಲಿಲ್ಲ.

"ನಾನು ಮೊದಲೇ ಅಂದಿದ್ದೆ, ವೈರಿಂಗಲ್ಲೇ ಏನೋ ಇದೆ ಅಂತ," ಎಂದು ಹೇಳಿ ಇವರು ಸ್ನಾನಕ್ಕೆ ಹೋದರು.

"ಅಪ್ಪಾ ಸೂಪರ್," ಎಂದಳು ಶ್ರುತಿ, ನನ್ನ ಕಡೆ ಕಣ್ಣು ಮಿಟುಕಿಸುತ್ತ.

ಹೊಗಳಿಕೆ ಇವರಿಂದ ಬರುವುದಿಲ್ಲವೆಂದು ತಿಳಿದ ಮೇಲೆ ಅದನ್ನು ಬೇರೆ ಕಡೆ ಹುಡುಕುವುದು ಮನುಷ್ಯಸಹಜ. ಸರೋಜಕ್ಕನನ್ನು ಗೇಟಿನವರೆಗೆ ಕಳಿಸಿಕೊಡುತ್ತ, ಕೊಡಲಿಯ ಭಾಗವೊಂದನ್ನು ಬಿಟ್ಟು ಎಲ್ಲ ಹೇಳಿದೆ. ಬಿಂದಿ, ಸಿಸ್ಟರ್ ಆಗ್ನೆಸ್, ಜಮಖಾನ, ಮುಳ್ಳು. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಗೆದ್ದವರ ಬಾಯಿಗೆ ಬೀಗವಿಲ್ಲ. ಕಾಂಪೌಂಡಿನಾಚೆ ಗಾಳಿಗೆ ತೂಗುತ್ತಿದ್ದ ನುಗ್ಗೆಮರವನ್ನು ನಾನೇ ನೆಟ್ಟು ಬೆಳೆಸಿದವಳ ಹಾಗೆ ನೋಡಿ, "ನೆರಳೇನು ಮಾಡುತ್ತೆ ಸರೋಜಕ್ಕ? ಸಾಲು ಸರಿಯಾಗಿ ಜೋಡಿಸೋಕೆ ಬಂದ್ರೆ ಎಷ್ಟು ನೆರಳು ಬಿದ್ರೂ ನಮಗೆ ಲೆಕ್ಕವೇ ಇಲ್ಲ" ಎಂದೆ.

"ನಿಜಮಾವಾ? ಎಷ್ಟು ನೆರಳಾದ್ರೂ ಪರವಾಯಿಲ್ಲವಾ?"

"ಎಷ್ಟಾದ್ರೂ."

ಸರೋಜಕ್ಕ ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು, ಇನ್ನೊಂದನ್ನು ಕಾಲಿನಲ್ಲೇ ಹುಡುಕುತ್ತ ಹೇಳಿದರು: "ಅಪ್ಪಾಡಾ! ಈಗ ನಂಗೆ ನೆಮ್ಮದಿ ಆಯ್ತು ಲೀಲಾ. ಮನೆ ಮೇಲೆ ಇನ್ನೆರಡು ಮಹಡಿ ಎತ್ತಬೇಕು ಅಂತ ನಮ್ಮ ಮನೆಯವ್ರು ಆರು ತಿಂಗಳಿಂದ ಪ್ಲಾನ್ ಇಟ್ಕೊಂಡು ಕೂತಿದ್ದಾರೆ. ಲೀಲಾ ಮನೆಗೆ ನೆರಳಾಗುತ್ತೆ, ವೇಂಡಾ ವೇಂಡಾ ಅಂತ ನಾನೇ ತಡೆದಿಟ್ಟಿದ್ದೆ. ಮೆಟ್ಟಿಲು ಬರೋ ಜಾಗದಲ್ಲಿ ಆ ಮರ ಬೇರೆ, ಅದನ್ನ ನಾಳೆನೇ ತೆಗೆಸಿಬಿಡ್ತೀನಿ. ನೀ ಇನ್ನೊಂದು ಸಲ ಸಾಲು ಜೋಡಿಸ್ಕೊಂಡ್ರೆ ಆಯ್ತು, ಅಲ್ವಾಮಾ?"